ಬೆನ್ನ ಮೇಲೆ ಬಂದ ರೋಗಿ: ಸಾವಿತ್ರಿಬಾಯಿ ಫುಲೆ ಮತ್ತು ವಲಸೆ ಬಂದವರ ಚಿಕಿತ್ಸೆಯ ಹಕ್ಕು

ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಬಂದವರು ನೀವಾಗಿದ್ದರೆ ಕೊಂಢವಾ ನಿಮಗೆ ಹೊಸ ಹೆಸರಲ್ಲ. ನೀವೇ ಅಲ್ಲಿ ಗೌಂಡಿ ಕೆಲಸ ಮಾಡಿರಬಹುದು, ಇಲ್ಲವೇ ನಿಮ್ಮ ಅಣ್ಣನೋ ಅಳಿಯನೋ ಅಲ್ಲಿನ ತಗಡಿನ ಶೆಡ್ಡಿನಲ್ಲಿ ಇರಬಹುದು. ಅಂಥ ಕಡೆ ಇರುವಾಗ ಒಂದು ರಾತ್ರಿ ಮಗುವಿಗೆ ಜ್ವರ ಏರಿತು ಎಂದುಕೊಳ್ಳಿ. ಆಗ ಮನಸ್ಸಿಗೆ ಬರುವ ಮೊದಲ ಅಂಜಿಕೆ ಯಾವುದು? ನಮ್ಮ ಕಾರ್ಡು ಕರ್ನಾಟಕದ್ದು, ಇಲ್ಲಿ ನಮ್ಮನ್ನು ನೋಡುತ್ತಾರೋ ಇಲ್ಲವೋ ಎಂಬುದು.

ಈ ಅಂಜಿಕೆಗೆ ಉತ್ತರ ಹೇಳುವ ಮೊದಲು ನಿಮಗೆ ಒಬ್ಬ ಹೆಣ್ಣುಮಗಳ ಬದುಕಿನ ಕತೆ ಹೇಳಬೇಕು. ಕೊಂಢವಾದ ನೆರೆಯಲ್ಲೇ ಇರುವ ಹಡಪಸರದಲ್ಲಿ, 1897ರಲ್ಲಿ, ಆಕೆಯ ಬದುಕಿನ ಕೊನೆಯ ಕೆಲಸ ನಡೆಯಿತು. ಹುಡುಗಿಯರಿಗೆ ಶಾಲೆ ತೆರೆದವರೆಂದು ಸಾವಿತ್ರಿಬಾಯಿ ಫುಲೆ ಎಲ್ಲರಿಗೂ ಗೊತ್ತು. ಆದರೆ ಅವರು ತೀರಿಕೊಂಡದ್ದು ರೋಗಿಗಳ ಸೇವೆ ಮಾಡುತ್ತಾ. ಆ ಭಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಊರು ಬಿಟ್ಟು ಬಂದ ಮನೆತನ

ಸಾವಿತ್ರಿಬಾಯಿ ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರಾ ಜಿಲ್ಲೆಯ ನಾಯಗಾಂವದಲ್ಲಿ. ತಂದೆ ಖಂಡೋಜಿ ನೆವಸೆ ಪಾಟೀಲ, ತಾಯಿ ಲಕ್ಷ್ಮೀಬಾಯಿ. 1840ರಲ್ಲಿ, ಒಂಬತ್ತನೇ ವಯಸ್ಸಿಗೆ ಮದುವೆಯಾಗಿ ಪುಣೆಗೆ ಬಂದರು. ಗಂಡ ಜೋತಿರಾವ್ ಆಗ ಹದಿಮೂರರ ಹುಡುಗ.

ಈ ಫುಲೆ ಮನೆತನವೂ ಪುಣೆಯ ಮೂಲದ್ದಲ್ಲ. ಅವರ ಹಿರಿಯರು ಸಾತಾರಾ ಕಡೆಯ ಕಟಗುಣ ಎಂಬ ಊರಿನವರು. ಅಲ್ಲಿಂದ ಪುರಂದರ ಕಡೆಯ ಖಾನವಡಿಗೆ ಬಂದರು, ಆಮೇಲೆ ಜೋತಿರಾವ್ ಅವರ ಅಜ್ಜ ಹೊಟ್ಟೆಪಾಡಿಗಾಗಿ ಪುಣೆ ಸೇರಿದರು. ಮನೆಯವರು ಹೂವಿನ ಕಾಯಕ ಹಿಡಿದರು. ಕಾಯಕದ ಹೆಸರೇ ಅಡ್ಡಹೆಸರಾಗಿ ನಿಂತಿತು. ಇಂದು ಪುಣೆ ಯಾರ ಹೆಸರನ್ನು ಹೆಮ್ಮೆಯಿಂದ ಹೇಳುತ್ತದೋ, ಯಾರ ಹೆಸರನ್ನು ತನ್ನ ವಿಶ್ವವಿದ್ಯಾಲಯಕ್ಕೆ ಇಟ್ಟುಕೊಂಡಿದೆಯೋ, ಅವರ ಮನೆತನವೂ ಒಂದು ಕಾಲಕ್ಕೆ ದುಡಿಮೆ ಹುಡುಕಿಕೊಂಡು ಬಂದದ್ದೇ.

ಸಾವಿತ್ರಿಬಾಯಿಗೆ ಅಕ್ಷರ ಕಲಿಸಿದವರು ಗಂಡ. ಆಮೇಲೆ ಅವರು ಶಿಕ್ಷಕಿಯ ತರಬೇತಿ ಪಡೆದರು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹುಡುಗಿಯರ ಶಾಲೆ ಆರಂಭವಾಯಿತು. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸಗಣಿ, ಕಲ್ಲು ಎಸೆದರು. ಅದಕ್ಕಾಗಿ ಇನ್ನೊಂದು ಸೀರೆ ಜೊತೆಗಿಟ್ಟುಕೊಂಡು ಹೋಗುತ್ತಿದ್ದರು. ಜನರ ಒತ್ತಡ ತಾಳಲಾರದೆ ಮಾವ ಗೋವಿಂದರಾವ್ 1849ರಲ್ಲಿ ಮಗ, ಸೊಸೆ ಇಬ್ಬರನ್ನೂ ಮನೆಯಿಂದ ಹೊರಗೆ ಕಳಿಸಿದರು. ಆಸರೆ ಕೊಟ್ಟವರು ಗೆಳೆಯ ಉಸ್ಮಾನ್ ಶೇಖ್. ಇರುವ ಊರಿನಲ್ಲೇ ಮನೆ ಇಲ್ಲದವರಾಗುವುದು ಹೇಗಿರುತ್ತದೆ ಎಂಬುದನ್ನು ಸಾವಿತ್ರಿಬಾಯಿ ಹದಿನೆಂಟರ ಪ್ರಾಯದಲ್ಲೇ ಕಂಡರು.

ನೀವು ರೋಗಿಯನ್ನು ನೋಡಿಕೊಳ್ಳುತ್ತಿರುವವರಾದರೆ ಇನ್ನೊಂದು ಮಾತು ನಿಮಗೆ ಹತ್ತಿರವಾದೀತು. 1856ರಲ್ಲಿ ಸಾವಿತ್ರಿಬಾಯಿಯೇ ಕಾಯಿಲೆ ಬಿದ್ದು ತವರಿಗೆ ಹೋಗಿದ್ದರು. ಅಲ್ಲಿಂದ ಗಂಡನಿಗೆ ಬರೆದ ಕಾಗದದಲ್ಲಿ, ತಾನಿಲ್ಲದೆ ಶಾಲೆಯ ಭಾರವೆಲ್ಲ ಗೆಳತಿ ಫಾತಿಮಾಳ ಮೇಲೆ ಬಿದ್ದಿರಬೇಕು ಎಂದು ಮರುಗಿದ್ದಾರೆ. ಹಾಸಿಗೆ ಹಿಡಿದವರಿಗೆ ತಮ್ಮ ನೋವಿಗಿಂತ ಬಿಟ್ಟು ಬಂದ ಕೆಲಸದ ಚಿಂತೆಯೇ ದೊಡ್ಡದಾಗುವುದು ನಿಮಗೂ ಗೊತ್ತು.

ಹೆಸರು ಕೇಳದ ಹೆರಿಗೆ ಮನೆ

1863ರಲ್ಲಿ ಈ ದಂಪತಿ ತಮ್ಮ ಮನೆಯಲ್ಲೇ ಒಂದು ಆಸರೆ ತೆರೆದರು. ಅದಕ್ಕೆ ಶಿಶುಹತ್ಯೆ ತಡೆಯುವ ಮನೆ ಎಂದು ಹೆಸರಿಟ್ಟರು. ಆ ಕಾಲದಲ್ಲಿ ಎಳೆಯ ಪ್ರಾಯದ ವಿಧವೆಯರು ಬಸಿರಾದರೆ ಕೂಸನ್ನೋ ತಮ್ಮನ್ನೋ ಕೊಂದುಕೊಳ್ಳುವುದೊಂದೇ ದಾರಿ ಎನ್ನುವಂತಿತ್ತು. ಅಂಥವರು ಇಲ್ಲಿ ಗುಟ್ಟಾಗಿ ಬಂದು ಹೆತ್ತು, ಬೇಕಾದರೆ ಕೂಸನ್ನು ಇಲ್ಲೇ ಬಿಟ್ಟು ಹೋಗಬಹುದು ಎಂದು ಊರಲ್ಲಿ ಚೀಟಿ ಅಂಟಿಸಿದರು. ಬಾಣಂತನ, ಕೂಸಿನ ಆರೈಕೆ ಸಾವಿತ್ರಿಬಾಯಿಯ ಪಾಲಿಗೆ ಬಂತು.

ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಸುರಕ್ಷಿತ ಹೆರಿಗೆಯ ಕೇಂದ್ರ. ಬರುವವಳು ಯಾರ ಮನೆಯವಳು ಎಂಬ ಪ್ರಶ್ನೆಯನ್ನು ಅಲ್ಲಿ ಬಾಗಿಲ ಹೊರಗೇ ಬಿಟ್ಟಿದ್ದರು. ಹಾಗೆ ಬಂದ ಒಬ್ಬ ವಿಧವೆಯ ಮಗುವನ್ನೇ ದಂಪತಿ ದತ್ತು ತೆಗೆದುಕೊಂಡರು. ಅವನೇ ಯಶವಂತ. ಮುಂದೆ ಅವನು ಡಾಕ್ಟರಾದ. ಈ ಕತೆಯ ಕೊನೆಯಲ್ಲಿ ಅವನು ಮತ್ತೆ ಬರುತ್ತಾನೆ.

1868ರಲ್ಲಿ, ಊರಿನ ಬಾವಿಗಳು ಯಾರಿಗೆ ಮುಚ್ಚಿದ್ದವೋ ಅವರಿಗೆ ತಮ್ಮ ಮನೆಯ ನೀರನ್ನು ಬಿಟ್ಟುಕೊಟ್ಟರು. ಶುದ್ಧ ನೀರು ಔಷಧಕ್ಕಿಂತ ಮೊದಲು ಬೇಕಾದದ್ದು ಎಂಬುದನ್ನು ವಾಂತಿಭೇದಿಯ ಕಾಲದಲ್ಲಿ ಮಗುವನ್ನು ನೋಡಿಕೊಂಡ ಯಾವ ತಾಯಿಗೂ ಬಿಡಿಸಿ ಹೇಳಬೇಕಿಲ್ಲ.

ಬರ ಬಂದಾಗ ಗುಳೆ ಹೊರಟವರು

1876ರಿಂದ 78ರವರೆಗೆ ದಕ್ಕನ್ನಿನ ಮೇಲೆ ದೊಡ್ಡ ಬರ ಎರಗಿತು. ಮೈಸೂರು ಸೀಮೆಯಲ್ಲಿ ಅದನ್ನು ಧಾತು ಈಶ್ವರ ಸಂವತ್ಸರಗಳ ಬರ ಎಂದು ಕರೆದರು. ಬಳ್ಳಾರಿ ಒಣಗಿತು. ಇಂದಿನ ವಿಜಯಪುರ, ಬಾಗಲಕೋಟೆ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯೂ ಸೊಲ್ಲಾಪುರ, ಪುಣೆಗಳ ಹೊಲಗಳೂ ಒಂದೇ ಸಲ ಬತ್ತಿದವು. ಜನ ಗಂಟುಮೂಟೆ ಕಟ್ಟಿ ಗುಳೆ ಹೊರಟರು. ನಿಮ್ಮ ಕಡೆ ಇಂದಿಗೂ ಬಳಸುವ ಗುಳೆ ಎಂಬ ಮಾತಿನ ಹಿಂದೆ ಇಂಥ ಎಷ್ಟೋ ವರ್ಷಗಳ ನೆನಪಿದೆ.

ಸಾವಿತ್ರಿಬಾಯಿ ಆಗ ಜುನ್ನರ ಕಡೆಯ ಓತೂರಿನಲ್ಲಿದ್ದರು. 1877ರ ಏಪ್ರಿಲ್ 20ರಂದು ಅಲ್ಲಿಂದ ಬರೆದ ಕಾಗದದಲ್ಲಿ ದನಗಳು ಬೀಳುತ್ತಿರುವುದನ್ನು, ಜನ ಊರು ಬಿಡುತ್ತಿರುವುದನ್ನು, ಸಾಹುಕಾರರ ಕಾಟವನ್ನು ವರದಿ ಮಾಡಿದ್ದಾರೆ. 1873ರ ಸೆಪ್ಟೆಂಬರ್ 24ರಂದು ಜೋತಿರಾವ್ ಕಟ್ಟಿದ್ದ ಸತ್ಯಶೋಧಕ ಸಮಾಜದ ಕಾರ್ಯಕರ್ತರು ಊರೂರಿಗೆ ಹೋಗಿ ನೆರವಿನ ಸಮಿತಿ ಮಾಡಿದರು. ಹಸಿದ ಮಕ್ಕಳಿಗೆ ಊಟ ಹಾಕುವ ಕೇಂದ್ರಗಳು ತೆರೆದವು. ಅಲ್ಲಿಗೆ ಬಂದ ಮಗು ಯಾವ ಊರಿನದು ಎಂದು ನೋಡಿ ಅನ್ನ ಬಡಿಸಿದ್ದರೆ ಅರ್ಧ ಮಕ್ಕಳು ಉಪವಾಸ ಹಿಂದಿರುಗಬೇಕಾಗುತ್ತಿತ್ತು. ಬರದ ಕಾಲದಲ್ಲಿ ಹಸಿವೇ ಗುರುತಿನ ಚೀಟಿ.

1890ರ ನವೆಂಬರ್ 28ರಂದು ಜೋತಿರಾವ್ ತೀರಿಕೊಂಡರು. ದತ್ತುಮಗ ಕ್ರಿಯೆ ಮಾಡಬಾರದೆಂದು ನೆಂಟರು ತಕರಾರು ತೆಗೆದಾಗ ಸಾವಿತ್ರಿಬಾಯಿಯೇ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದರು. ಸಮಾಜದ ಕೆಲಸ ನಿಲ್ಲಿಸಲಿಲ್ಲ. 1893ರಲ್ಲಿ ಸಾಸವಡದಲ್ಲಿ ನಡೆದ ಅದರ ಸಭೆಗೆ ಅಧ್ಯಕ್ಷರಾದರು. ಇಂದು ಕೊಂಢವಾದಿಂದ ಬೋಪದೇವ ಘಾಟ್ ಹತ್ತಿ ಇಳಿದರೆ ಸಿಗುವ ಊರೇ ಈ ಸಾಸವಡ.

ಪ್ಲೇಗು: ಹೊತ್ತು ತಂದವರು, ಹೊರಗಿಟ್ಟವರು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿತು. ಲಕ್ಷಗಟ್ಟಲೆ ಕೂಲಿಕಾರರು, ಗಿರಣಿಯವರು ಊರುಗಳತ್ತ ಓಡಿದರು. ರೋಗವೂ ರೈಲು ಹತ್ತಿ ಪುಣೆಗೆ ಬಂತು. ಮುಂದೆ ಹುಬ್ಬಳ್ಳಿ, ಧಾರವಾಡ, 1898ರಲ್ಲಿ ಬೆಂಗಳೂರು ಮುಟ್ಟಿತು. ತೀವ್ರ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ನೋಯುವ ಗಂಟು, ಕೆಲವೇ ದಿನಗಳಲ್ಲಿ ಸಾವು. ಇಲಿಯ ಮೈಮೇಲಿನ ಚಿಗಟದಿಂದ ರೋಗ ದಾಟುತ್ತದೆ ಎಂಬುದು ಆಗಿನ್ನೂ ತಿಳಿದಿರಲಿಲ್ಲ. ಇಂದು ಬೇಗ ಗುರುತಿಸಿದರೆ ಸ್ಟ್ರೆಪ್ಟೋಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಔಷಧಗಳಿಂದ ಗುಣವಾಗುವ ಈ ರೋಗಕ್ಕೆ ಅಂದು ಮದ್ದೇ ಇರಲಿಲ್ಲ. ಇದ್ದದ್ದು ಆರೈಕೆ ಒಂದೇ.

ಸರ್ಕಾರ 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ರೈಲಿನಲ್ಲಿ ಬಂದವರನ್ನು ತಡೆದು ತಪಾಸಿಸುವುದು, ಶಂಕೆ ಬಂದವರನ್ನು ಪ್ರತ್ಯೇಕ ಇಡುವುದು ಆರಂಭವಾಯಿತು. ಪುಣೆಯಲ್ಲಿ ಆ ಮಾರ್ಚಿನಿಂದ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದರು. ರೋಗ ಹರಡದಂತೆ ತಡೆಯುವುದು ತಪ್ಪಲ್ಲ. ಆದರೆ ಆ ವ್ಯವಸ್ಥೆಯ ಕಣ್ಣಿಗೆ ದಾರಿಯ ಮೇಲಿದ್ದವನು ಮೊದಲು ಅಪಾಯ, ಆಮೇಲೆ ಮನುಷ್ಯ. ಅದಕ್ಕೇ ಜನ ರೋಗಿಗಳನ್ನು ಬಚ್ಚಿಟ್ಟರು. ಹೆದರಿಕೆ ಇರುವ ಕಡೆ ರೋಗ ಅಡಗುತ್ತದೆ, ಅಡಗಿದ ರೋಗ ಇನ್ನಷ್ಟು ಹರಡುತ್ತದೆ.

ಇದೇ ಹೊತ್ತಿನಲ್ಲಿ ಸೈನ್ಯದ ವೈದ್ಯಕೀಯ ಸೇವೆಯಲ್ಲಿದ್ದ ಯಶವಂತ ತಾಯಿಯ ಕರೆಗೆ ಓಗೊಟ್ಟು ಬಂದರು. ಊರ ಗದ್ದಲದಿಂದ ದೂರ, ಹಡಪಸರದ ಬಳಿ ಸಾಸಣೆ ಮಳಾ ಎಂಬ ಬಯಲಿನಲ್ಲಿ ಪ್ಲೇಗಿನವರಿಗಾಗಿ ದವಾಖಾನೆ ತೆರೆದರು. ಇಲ್ಲೂ ರೋಗಿಗಳನ್ನು ಊರಿನಿಂದ ದೂರವೇ ಇಟ್ಟರು. ಆದರೆ ಇಲ್ಲಿ ಸಾವಿತ್ರಿಬಾಯಿ ಸ್ವತಃ ಹೋಗಿ ಅವರನ್ನು ಕರೆತರುತ್ತಿದ್ದರು, ಪಕ್ಕದಲ್ಲಿ ಕೂತು ನೋಡಿಕೊಳ್ಳುತ್ತಿದ್ದರು.

ಒಂದು ದಿನ ಮುಂಢವಾ ಊರಿನ ಹೊರಗಿನ ಮಹಾರ ಕೇರಿಯಲ್ಲಿ ಒಬ್ಬ ಹುಡುಗನಿಗೆ ಪ್ಲೇಗು ಬಡಿದಿದೆ ಎಂಬ ಸುದ್ದಿ ಬಂತು. ಆ ಹುಡುಗ ಬೇರೆ ಊರಿನಿಂದ ಬಂದವನಲ್ಲ, ಅದೇ ನೆಲದವನು. ಆದರೂ ಊರಿನ ಲೆಕ್ಕದಲ್ಲಿ ಹೊರಗಿನವನು. ಅವನನ್ನು ಮುಟ್ಟಿ ಎತ್ತುವವರು ಯಾರು? ಅರವತ್ತಾರರ ಸಾವಿತ್ರಿಬಾಯಿ ಹೋದರು, ಅವನನ್ನು ಬೆನ್ನ ಮೇಲೆ ಹಾಕಿಕೊಂಡು ದವಾಖಾನೆಗೆ ನಡೆದು ಬಂದರು. ಹುಡುಗ ಬದುಕಿದ. ಅವರಿಗೆ ರೋಗ ತಗಲಿತು. 1897ರ ಮಾರ್ಚ್ 10ರ ರಾತ್ರಿ ತೀರಿಕೊಂಡರು. ಯಶವಂತ ಕೂಡ 1905ರಲ್ಲಿ ಪ್ಲೇಗಿನವರ ಚಿಕಿತ್ಸೆ ಮಾಡುತ್ತಲೇ ಅದೇ ರೋಗಕ್ಕೆ ಬಲಿಯಾದರು.

ಅವರ ಸಾವನ್ನು ತ್ಯಾಗ ಎಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ರೋಗಿಗೂ ಆಸ್ಪತ್ರೆಗೂ ನಡುವಿನ ದೂರವನ್ನು ರೋಗಿಯೇ ದಾಟಿ ಬರಲಿ ಎಂದು ಅವರು ಕಾಯಲಿಲ್ಲ ಎಂಬುದನ್ನು ಗಮನಿಸಿ. ಆ ದೂರ ದಾಟಿಸುವುದು ಆರೈಕೆ ಮಾಡುವವರ ಹೊಣೆ ಎಂದುಕೊಂಡರು. ಒಬ್ಬರ ಬೆನ್ನು ಹೊರುವಷ್ಟು ಭಾರ ಅದಲ್ಲ. ಅದನ್ನು ಹೊರಬೇಕಾದದ್ದು ಒಂದು ವ್ಯವಸ್ಥೆ. ರಾಷ್ಟ್ರೀಯ ಆರೋಗ್ಯ ನೀತಿ ಇರುವುದು ಅದಕ್ಕೇ.

ನೀತಿ ಏನು ಹೇಳುತ್ತದೆ, ಕಾನೂನು ಏನು ಹೇಳುತ್ತದೆ

ಸ್ವತಂತ್ರ ಭಾರತ 1983, 2002 ಮತ್ತು 2017ರಲ್ಲಿ ರಾಷ್ಟ್ರೀಯ ಆರೋಗ್ಯ ನೀತಿಗಳನ್ನು ತಂದಿತು. 2017ರ ನೀತಿ ನಗರದ ಪ್ರಾಥಮಿಕ ಆರೋಗ್ಯ ಸೇವೆಯ ಬಗ್ಗೆ ಹೇಳುವಾಗ ಮನೆಯಿಲ್ಲದವರು, ಚಿಂದಿ ಆಯುವವರು, ಕಟ್ಟಡ ಕಾರ್ಮಿಕರ ಜೊತೆಗೆ ತಾತ್ಕಾಲಿಕ ವಲಸಿಗರನ್ನೂ ಹೆಸರಿಸುತ್ತದೆ. ಗುರುತಿಸಿದ ಕೊಳೆಗೇರಿಗಳಷ್ಟೇ ಅಲ್ಲ, ಪಟ್ಟಿಯಲ್ಲಿಲ್ಲದ ವಸತಿಗಳಿಗೂ ಸೇವೆ ತಲುಪಬೇಕು ಎನ್ನುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ, ಪರೀಕ್ಷೆ, ತುರ್ತು ಚಿಕಿತ್ಸೆ ಉಚಿತವಾಗಿರಬೇಕು ಎಂಬುದೂ ಅದರ ಮಾತು.

ಆದರೆ ನೀತಿ ಒಂದು ಭರವಸೆ, ಅದು ಕಾನೂನಲ್ಲ. ಆರೋಗ್ಯವನ್ನು ಕೋರ್ಟಿನಲ್ಲಿ ಕೇಳಿ ಪಡೆಯಬಹುದಾದ ಹಕ್ಕಾಗಿಸುವ ಸಲಹೆ 2015ರ ಕರಡಿನಲ್ಲಿತ್ತು. 2017ರ ಅಂತಿಮ ನೀತಿ ಅದನ್ನು ಒಪ್ಪಲಿಲ್ಲ. ಹಾಗೆಂದು ನಿಮ್ಮ ಕೈ ಬರಿದಲ್ಲ. ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿ ತುರ್ತು ಚಿಕಿತ್ಸೆಯೂ ಸೇರಿದೆ, ಸರ್ಕಾರಿ ಆಸ್ಪತ್ರೆ ಅದನ್ನು ನಿರಾಕರಿಸಿದರೆ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. 21ನೇ ವಿಧಿಯಲ್ಲಿ ರಾಜ್ಯದ ಗಡಿ ಇಲ್ಲ.

ಇದೆಲ್ಲ ಎಷ್ಟು ಬೇಕು ಎಂಬುದನ್ನು ಕೊಂಢವಾ ಕಂಡಿದೆ. 2019ರ ಜೂನ್ 29ರ ನಸುಕಿನಲ್ಲಿ, ಮಳೆಯಲ್ಲಿ, ಒಂದು ವಸತಿ ಸಮುಚ್ಚಯದ ಆವರಣ ಗೋಡೆ ಪಕ್ಕದ ಕಟ್ಟಡ ಕಾರ್ಮಿಕರ ಶೆಡ್ಡುಗಳ ಮೇಲೆ ಕುಸಿಯಿತು. ಮಕ್ಕಳೂ ಸೇರಿ 15 ಜನ ಸತ್ತರು. ಹೆಚ್ಚಿನವರು ಬಿಹಾರದವರು. ಯಾರು ಎಲ್ಲಿ ಮಲಗುತ್ತಾರೆ ಎಂಬುದು ಕೂಡ ಆರೋಗ್ಯದ ಪ್ರಶ್ನೆಯೇ. ಊರ ಹೊರಗಿನ ಕೇರಿ ಇಂದು ಕಟ್ಟಡದ ಬುಡದ ಶೆಡ್ಡಾಗಿದೆ.

ನಿಮ್ಮ ಜೊತೆ ಗಡಿ ದಾಟುವ ಹಕ್ಕುಗಳು

ಕೆಳಗಿನವು ಕೊಂಢವಾದಲ್ಲಿದ್ದರೂ ಬೇರೆಲ್ಲಿದ್ದರೂ ನಿಮಗೆ ಉಪಯೋಗಕ್ಕೆ ಬರುತ್ತವೆ.

ತುರ್ತು ಇದ್ದಾಗ: 108ಕ್ಕೆ ಕರೆ ಮಾಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ. ಪುಣೆ ರೈಲು ನಿಲ್ದಾಣದ ಹತ್ತಿರದ ಸಸೂನ್ ಆಸ್ಪತ್ರೆ 1867ರಿಂದ ಇದೆ. ಕಾರ್ಡು ಮನೆಯಲ್ಲಿ ಉಳಿದಿದೆ ಎಂದು ತಡಮಾಡಬೇಡಿ. ಮೊದಲು ಚಿಕಿತ್ಸೆ, ಆಮೇಲೆ ಕಾಗದ.

ಆಯುಷ್ಮಾನ್ ಭಾರತ್: 2018ರ ಸೆಪ್ಟೆಂಬರ್ 23ರಂದು ಆರಂಭವಾದ ಪಿಎಂ ಜನ ಆರೋಗ್ಯ ಯೋಜನೆಯಲ್ಲಿ ನಿಮ್ಮ ಕುಟುಂಬ ಇದ್ದರೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆ ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ಹಣ ಕಟ್ಟದೆ ಸಿಗುತ್ತದೆ. ಹಳೆಯ ಕಾಯಿಲೆಗೂ ಅನ್ವಯಿಸುತ್ತದೆ. ಹೊರರೋಗಿ ಚೀಟಿಗೆ, ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗೆ ಇದು ಬರುವುದಿಲ್ಲ. ಆದರೆ ದಾಖಲಾಗಿ ಬಿಡುಗಡೆಯಾದ ಮೇಲೆ 15 ದಿನಗಳವರೆಗಿನ ಔಷಧ ಇದರಲ್ಲಿ ಸೇರಿದೆ. ಕರ್ನಾಟಕ ಸರ್ಕಾರ ತಾನಾಗಿ ಸೇರಿಸಿಕೊಂಡ ಕುಟುಂಬಗಳಿಗೆ ಹೊರರಾಜ್ಯದಲ್ಲೂ ಇದು ಸಿಗುತ್ತದೆಯೇ ಎಂಬುದನ್ನು ಹೊರಡುವ ಮೊದಲೇ 14555ಕ್ಕೆ ಕರೆ ಮಾಡಿ ಕೇಳಿಕೊಳ್ಳಿ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಹಾಯಕರನ್ನು ವಿಚಾರಿಸಿ.

ಮಹಾರಾಷ್ಟ್ರದ ಯೋಜನೆ: ಇದಕ್ಕೆ 2017ರಿಂದ ಮಹಾತ್ಮ ಜೋತಿರಾವ್ ಫುಲೆ ಅವರ ಹೆಸರಿದೆ. ಆದರೆ ಅದು ಆ ರಾಜ್ಯದ ನಿವಾಸಿಗಳಿಗೆ. ನಿಮ್ಮ ರೇಷನ್ ಕಾರ್ಡಿನಲ್ಲಿ ಪುಣೆಯಲ್ಲೂ ಅಕ್ಕಿ, ಗೋಧಿ ಪಡೆಯಬಹುದು, ಅಷ್ಟರಿಂದಲೇ ಈ ಯೋಜನೆಯ ಬಾಗಿಲು ತೆರೆಯುವುದಿಲ್ಲ. ಊರು ಬಿಟ್ಟು ಬಂದ ಮನೆತನದ ಹೆಸರು ಹೊತ್ತ ಯೋಜನೆ ಊರು ಬಿಟ್ಟು ಬಂದವರಿಗೆ ಸಿಗದಿರುವುದು ನೀತಿ ಮಾಡುವವರು ಯೋಚಿಸಬೇಕಾದ ಸಂಗತಿ.

ಬಸಿರು, ಬಾಣಂತನ, ಮಗು: 2011ರ ಜೂನ್ 1ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಆದರೂ ಉಚಿತ. ತಾಯಿ ಕಾರ್ಡನ್ನು ಊರಲ್ಲಿ ಬಿಟ್ಟು ಬರಬೇಡಿ. ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಎಂದು ಅದನ್ನು ನೋಡಿಯೇ ಹೇಳಬೇಕು. ಉಳಿದ ಲಸಿಕೆಗಳನ್ನು ಹತ್ತಿರದ ಸರ್ಕಾರಿ ಕೇಂದ್ರದಲ್ಲೇ ಹಾಕಿಸಿ.

ಕ್ಷಯದ ಚಿಕಿತ್ಸೆ: ನಡುವೆ ಊರು ಬದಲಾದರೆ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದರೆ ರೋಗಾಣು ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ನಿಮ್ಮ ನಿಕ್ಷಯ್ ಸಂಖ್ಯೆ ದೇಶದಾದ್ಯಂತ ಒಂದೇ. ಹೊರಡುವ ಮೊದಲು ಆರೋಗ್ಯ ಸಿಬ್ಬಂದಿಗೆ ಹೇಳಿ ವರ್ಗಾಯಿಸಿಕೊಳ್ಳಿ. ಹೇಳದೆ ಬಂದಿದ್ದರೂ ಆ ಸಂಖ್ಯೆ ಹಿಡಿದು ಹತ್ತಿರದ ಸರ್ಕಾರಿ ಕೇಂದ್ರಕ್ಕೆ ಹೋಗಿ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ನೆರವೂ ಇದೆ.

ಕೆಲಸದ ಜಾಗ: 18ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಮುಕಾದಮನಿಂದ ದುಡಿದ ದಿನಗಳ ದಾಖಲೆ ಕೇಳಿ ಪಡೆಯಿರಿ. ಇಎಸ್‌ಐ ಕಡಿತವಾಗುತ್ತಿದ್ದರೆ ನಿಮ್ಮ ವಿಮಾ ಸಂಖ್ಯೆ ಕೇಳಿಟ್ಟುಕೊಳ್ಳಿ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ: ಔಷಧ ಕೊಡುವವಳಾಗಿ ನಾನು ದಿನವೂ ಹೇಳುವ ಮಾತಿದು. ಊರಲ್ಲಿ ಸಿಗುವ ಬ್ರ್ಯಾಂಡ್ ಪುಣೆಯಲ್ಲಿ ಸಿಗದಿರಬಹುದು, ಆದರೆ ಒಳಗಿನ ಔಷಧ ಒಂದೇ. ಆಮ್ಲೊಡಿಪಿನ್ 5 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಎಂಬಂಥ ಮೂಲ ಹೆಸರು ಮತ್ತು ಪ್ರಮಾಣ ಕಾಣುವ ಖಾಲಿ ಪಟ್ಟಿಯನ್ನು ಎಸೆಯದೆ ಚೀಟಿಯ ಜೊತೆ ಇಟ್ಟುಕೊಳ್ಳಿ, ಮೊಬೈಲಿನಲ್ಲೂ ಫೋಟೋ ತೆಗೆದಿಡಿ. ಭಾಷೆ ಬಾರದ ಊರಲ್ಲಿ ಆ ಪಟ್ಟಿಯೇ ನಿಮ್ಮ ಪರವಾಗಿ ಮಾತಾಡುತ್ತದೆ.

ಮುಂದಿನ ಸಲ ಯಾವುದಾದರೂ ಆಸ್ಪತ್ರೆಯ ಕಿಟಕಿಯಲ್ಲಿ ನೀವು ಎಲ್ಲಿಯವರು ಎಂದು ಕೇಳಿದರೆ ಹೆದರದೆ ಊರಿನ ಹೆಸರು ಹೇಳಿ. ಅದು ವಿಳಾಸ ಬರೆದುಕೊಳ್ಳುವ ಪ್ರಶ್ನೆಯೇ ಹೊರತು ಚಿಕಿತ್ಸೆ ತಡೆಯುವ ಪ್ರಶ್ನೆಯಾಗಬಾರದು. ತಡೆದರೆ ಆಸ್ಪತ್ರೆಯ ಅಧೀಕ್ಷಕರನ್ನು ಕಾಣಿ, ದೂರನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಶೆಡ್ಡಿನಲ್ಲಿ ನಿಮ್ಮ ಪಕ್ಕದವನು ಒಬ್ಬನೇ ಮಲಗಿ ನರಳುತ್ತಿದ್ದರೆ ಅವನ ಜೊತೆ ಆಸ್ಪತ್ರೆಯವರೆಗೆ ಹೋಗಿ. ಅವನು ಬಿಹಾರದವನಾದರೂ ಸರಿ, ಬೀದರಿನವನಾದರೂ ಸರಿ.